ಖಗೋಳ ಓದುವವರ ಪಕ್ಕದಲ್ಲಿ ಇರಬೇಕಾದದ್ದು: ಸ್ಟೆಲ್ಲೇರಿಯಂ ವಿಮರ್ಶೆ

ಮಂಗಳ ಗ್ರಹ ಕೆಲವು ವಾರ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೆ ಒಂದು ಸುತ್ತು ತಿರುಗುತ್ತದೆ. ಗುರುಗ್ರಹದ ಉಪಗ್ರಹದ ಗ್ರಹಣ ತಡವಾದದ್ದರಿಂದ ಬೆಳಕಿಗೂ ವೇಗದ ಮಿತಿ ಇದೆ ಎಂದು ತಿಳಿಯಿತು. ಜನಪ್ರಿಯ ವಿಜ್ಞಾನ ಪುಸ್ತಕಗಳಲ್ಲಿ ಇಂಥ ವಾಕ್ಯ ಪುಟಕ್ಕೊಂದು ಸಿಗುತ್ತವೆ. ಓದಿದಾಗ ಒಪ್ಪಿಕೊಳ್ಳುತ್ತೇವೆ, ಆದರೆ ಕಣ್ಣಿಗೆ ಕಟ್ಟುವುದಿಲ್ಲ. ಆಕಾಶಕ್ಕೆ ಹೋಗಿ ನೋಡೋಣ ಎಂದರೆ ಮಂಗಳಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅಕ್ಷದ ಚಲನೆಗೆ ಒಂದು ಜನ್ಮ ಸಾಲದು. ಬೇಕಾದ ಊರಿನ, ಬೇಕಾದ ಹೊತ್ತಿನ ಆಕಾಶವನ್ನು ಪರದೆಯ ಮೇಲೆ ತೋರಿಸಿ ಈ ಕೊರತೆಯನ್ನು ತುಂಬುವ ಸಾಫ್ಟ್‌ವೇರ್‌ಗಳಲ್ಲಿ ಸ್ಟೆಲ್ಲೇರಿಯಂ ಮೊದಲ ಸಾಲಿನದು. ಖಗೋಳದ ಪುಸ್ತಕ ಓದುವವರು ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಓದಬೇಕು ಎಂಬುದು ಈ ವಿಮರ್ಶೆಯ ನಿಲುವು. ಆದರೆ ಇಳಿಸಿಕೊಂಡ ತಕ್ಷಣ ಅದು ತೋರಿಸುವ ಆಕಾಶ ನಮ್ಮೂರಿನದಾಗಿರುವುದಿಲ್ಲ, ಅದು ಕೊಡುವ ಎಲ್ಲ ಅಂಕಿಗಳನ್ನೂ ಒಂದೇ ಮಟ್ಟದಲ್ಲಿ ನಂಬುವಂತಿಲ್ಲ. ಆ ಎರಡು ವಿಷಯಗಳಿಗೇ ಇಲ್ಲಿ ಹೆಚ್ಚು ಜಾಗ.

ಫ್ರಾನ್ಸಿನ ಫಾಬಿಯಾನ್ ಶೆರೊ 2000ರಲ್ಲಿ ಶುರುಮಾಡಿದ ಕೆಲಸ ಇದು. ಮುಕ್ತ ತಂತ್ರಾಂಶ, ಪೂರ್ತಿ ಉಚಿತ, ಜಾಹೀರಾತು ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. 1.0 ಆವೃತ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ. 2023ರಿಂದ ಬಂದ ಆವೃತ್ತಿಗಳಿಗೆ ವರ್ಷದ ಸಂಖ್ಯೆಯೇ ಹೆಸರು. ಜೊತೆಗೆ ಬರುವ ಪಟ್ಟಿಯಲ್ಲಿ 6 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳಿವೆ. ಹೆಚ್ಚುವರಿ ಕಂತುಗಳನ್ನು ಇಳಿಸಿಕೊಂಡರೆ 17 ಕೋಟಿ ದಾಟುತ್ತದೆ. ಬರಿಗಣ್ಣಿಗೆ ಕಾಣುವುದು ಇಡೀ ಆಕಾಶಗೋಳ ಸೇರಿ 9,000ದ ಆಸುಪಾಸು ಮಾತ್ರ, ಹಾಗಾಗಿ ದೊಡ್ಡ ದೂರದರ್ಶಕ ಇಲ್ಲದವರಿಗೆ ಹೆಚ್ಚುವರಿ ಕಂತು ಬೇಡವೇ ಬೇಡ. ಡಿಸ್ಕ್ ತುಂಬುತ್ತದೆ, ಹಳೆಯ ಲ್ಯಾಪ್‌ಟಾಪ್ ತಡವರಿಸುತ್ತದೆ, ಓದಿಗೆ ಲಾಭವೇನೂ ಇಲ್ಲ.

ಮೊದಲ ಅರ್ಧ ಗಂಟೆಯ ಕೆಲಸ

ತೆರೆದ ಕೂಡಲೇ ನೀವು ನಿಂತಿರುವುದು ಹುಲ್ಲುಗಾವಲಿನಲ್ಲಿ. ಅದು ಫ್ರಾನ್ಸಿನ ಗೆರಾಂ ಎಂಬ ಹಳ್ಳಿಯ ನೋಟ. ಊರನ್ನು ಮಾತ್ರ ಇಂಟರ್‌ನೆಟ್ ವಿಳಾಸದಿಂದ ತಾನೇ ಊಹಿಸಿಕೊಂಡಿರುತ್ತದೆ, ಎಡವುವುದು ಇಲ್ಲೇ. ನಿಮ್ಮ ಇಂಟರ್‌ನೆಟ್ ಕಂಪನಿಯ ಜಾಲ ಮುಂಬೈಯಲ್ಲೋ ಚೆನ್ನೈಯಲ್ಲೋ ದಾಖಲಾಗಿದ್ದರೆ ಸಾಫ್ಟ್‌ವೇರ್ ಶಿರಸಿಯವರನ್ನೂ ಅಲ್ಲೇ ನಿಲ್ಲಿಸುತ್ತದೆ. ಎಫ್6 ಒತ್ತಿ, ಜಾಲದಿಂದ ಸ್ಥಳ ಪಡೆಯುವ ಗುರುತನ್ನು ತೆಗೆದುಹಾಕಿ, ಪಟ್ಟಿಯಿಂದ ಹತ್ತಿರದ ಊರು ಆರಿಸಿ ಅಥವಾ ಅಕ್ಷಾಂಶ, ರೇಖಾಂಶ ನೀವೇ ತುಂಬಿ. ಕಾಲವಲಯ ಏಷ್ಯಾ-ಕೋಲ್ಕತಾ ಎಂದಿರಬೇಕು. ಇದೇ ಸ್ಥಳವನ್ನು ಖಾಯಂ ಮಾಡುವ ಗುರುತು ಹಾಕಲು ಮರೆಯಬೇಡಿ.

ಸರಿಯಾಯಿತೇ ಎಂದು ನೋಡಲು ಒಂದು ಒಳ್ಳೆಯ ಪರೀಕ್ಷೆ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರುವ ದಿನ. ಬೆಂಗಳೂರು ಆರಿಸಿ, ಎಫ್5ರಲ್ಲಿ ಏಪ್ರಿಲ್ 24, ಮಧ್ಯಾಹ್ನ 12 ಗಂಟೆ 18 ನಿಮಿಷ ಎಂದು ಹಾಕಿ ಸೂರ್ಯನ ಮೇಲೆ ಕ್ಲಿಕ್ ಮಾಡಿ. ಎಡಗಡೆ ಬರುವ ವಿವರದಲ್ಲಿ ಸೂರ್ಯನ ಉನ್ನತಿ, ಅಂದರೆ ದಿಗಂತದಿಂದ ಅವನ ಎತ್ತರ, 90 ಡಿಗ್ರಿಗೆ ಅಂಟಿಕೊಂಡಂತೆ ಇರಬೇಕು. 74ರ ಹತ್ತಿರ ಬಂದರೆ ನೀವು ದೆಹಲಿಯಲ್ಲಿದ್ದೀರಿ. 82ರ ಹತ್ತಿರ ಬಂದರೆ ಮುಂಬೈಯಲ್ಲಿ. ಸೂರ್ಯ ಪಶ್ಚಿಮದಲ್ಲಿ ಮುಳುಗುವ ಹಂತದಲ್ಲಿದ್ದರೆ ಕಾಲವಲಯ ತಪ್ಪಿ ಐದೂವರೆ ಗಂಟೆ ಆಚೀಚೆಯಾಗಿದೆ. ಇನ್ನೊಂದು ಪರೀಕ್ಷೆ, 2019ರ ಡಿಸೆಂಬರ್ 26. ಊರು ಮಂಗಳೂರು, ಬೆಳಗ್ಗೆ 9.25ರ ಸುಮಾರು. ಸೂರ್ಯನನ್ನು ಹಿಗ್ಗಿಸಿದರೆ ಉಂಗುರ ಕಾಣಬೇಕು. ಹಾಗೇ ಊರನ್ನು ಬೆಂಗಳೂರಿಗೆ ಬದಲಿಸಿದರೆ ಉಂಗುರ ಮುರಿದು ದಪ್ಪ ಕುಡುಗೋಲಾಗಬೇಕು. ಅಂದು ನಿಜವಾಗಿ ಆದದ್ದೂ ಅದೇ.

ಎರಡನೆಯ ತೊಡಕು ಆ ಫ್ರೆಂಚ್ ಹಳ್ಳಿಯ ಮರಗಳು. ಕರ್ನಾಟಕದವರಿಗೆ ದಕ್ಷಿಣ ದಿಗಂತವೇ ದೊಡ್ಡ ಸೊತ್ತು. ಬೆಂಗಳೂರಿನಿಂದ ಅಗಸ್ತ್ಯ ನಕ್ಷತ್ರ 24 ಡಿಗ್ರಿವರೆಗೆ ಏರುತ್ತದೆ, ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ (ಉಂಡೆಯಂಥ ನಕ್ಷತ್ರಗಳ ಗುಂಪು) 29 ದಾಟುತ್ತದೆ. ಯುರೋಪಿನ ಬಹುಭಾಗದ ಓದುಗರಿಗೆ ಇವು ಕಾಣುವುದೇ ಇಲ್ಲ. ತ್ರಿಶಂಕುವಿನ ತಳದ ನಕ್ಷತ್ರ ಬೆಂಗಳೂರಿನಲ್ಲಿ 14 ಡಿಗ್ರಿ, ಬೀದರಿನಲ್ಲಿ 9 ಡಿಗ್ರಿ ಮಾತ್ರ ಏರುತ್ತದೆ. ಇಷ್ಟು ಕೆಳಗಿರುವುದು ಚಿತ್ರದ ಮರದ ಹಿಂದೆ ಸುಲಭವಾಗಿ ಮರೆಯಾಗುತ್ತದೆ, ಓದುಗ ‘ನಮ್ಮೂರಲ್ಲಿ ಇದು ಕಾಣುವುದಿಲ್ಲ’ ಎಂದು ತಪ್ಪು ತಿಳಿಯುತ್ತಾನೆ. ಎಫ್4ರ ಭೂದೃಶ್ಯ ವಿಭಾಗದಲ್ಲಿ ಶೂನ್ಯ ದಿಗಂತ ಅಥವಾ ಸಮುದ್ರ ಆರಿಸಿ. ಜಿ ಒತ್ತಿ ನೆಲವನ್ನೇ ತೆಗೆಯಬಹುದು, ಆದರೆ ಆಗ ದಿಗಂತದ ಕೆಳಗಿನದೂ ಕಾಣುವುದರಿಂದ ಹೊಸಬರಿಗೆ ಗೊಂದಲ.

ನಿಮ್ಮ ಮನೆಯ ತಾರಸಿಯ ದಿಗಂತವನ್ನೇ ಮಾಡಿಕೊಳ್ಳುವ ದಾರಿಯೂ ಇದೆ, ಇದನ್ನು ಬಳಸುವವರು ಕಡಿಮೆ. ಫೋನಿನ ದಿಕ್ಸೂಚಿ ಮತ್ತು ಕೋನಮಾಪಕ ಹಿಡಿದು ಸುತ್ತ 10 ಡಿಗ್ರಿಗೊಂದರಂತೆ 36 ಕಡೆ ಕಟ್ಟಡ, ಮರಗಳ ತುದಿಯ ಎತ್ತರ ಅಳೆಯಿರಿ. ಒಂದು ಸಾದಾ ಪಠ್ಯ ಕಡತದಲ್ಲಿ ಸಾಲಿಗೊಂದರಂತೆ ಮೊದಲು ದಿಗಂಶ (ಉತ್ತರದಿಂದ ಪೂರ್ವದ ಕಡೆಗೆ ಅಳೆದ ಕೋನ), ಆಮೇಲೆ ಎತ್ತರ ಬರೆಯಿರಿ. ಭೂದೃಶ್ಯದ ಹೆಸರು, ಅದು ಬಹುಭುಜ ಬಗೆಯದು, ದಿಗಂತದ ಪಟ್ಟಿ ಯಾವ ಕಡತದಲ್ಲಿದೆ ಎಂದು ಹೇಳುವ ಚಿಕ್ಕ ಸಂರಚನಾ ಕಡತ ಇನ್ನೊಂದು ಬೇಕು. ಅದರ ಮಾದರಿ ಬಳಕೆದಾರರ ಕೈಪಿಡಿಯಲ್ಲಿದೆ. ಎರಡನ್ನೂ ಜಿಪ್ ಮಾಡಿ ಭೂದೃಶ್ಯ ಸೇರಿಸುವ ಗುಂಡಿಯಿಂದ ಒಳಗೆ ತನ್ನಿ. ಪೂರ್ವದಲ್ಲಿರಬೇಕಾದ ತೆಂಗಿನಮರ ಬೇರೆ ದಿಕ್ಕಿನಲ್ಲಿ ಕಂಡರೆ ಸಂರಚನಾ ಕಡತದಲ್ಲಿ ತಿರುಗುವ ಕೋನ ಬದಲಿಸಿದರಾಯಿತು. ಅಂದಿನಿಂದ ‘ಇಂದು ಶನಿ ನಮ್ಮ ತಾರಸಿಗೆ ಎಷ್ಟು ಗಂಟೆಗೆ ಕಾಣುತ್ತದೆ’ ಎಂಬುದಕ್ಕೆ ಅಂದಾಜಲ್ಲ, ಉತ್ತರವೇ ಸಿಗುತ್ತದೆ.

ಮೂರನೆಯದು ಬೆಳಕಿನ ಮಾಲಿನ್ಯ. ಎಫ್4ರಲ್ಲಿ ಆಕಾಶದ ಕತ್ತಲನ್ನು ಅಳೆಯುವ ಬೋರ್ಟಲ್ ಮಾಪಕದ 1ರಿಂದ (ಅತಿ ಕತ್ತಲು) 9ರವರೆಗಿನ ಆಯ್ಕೆ ಇದೆ. ಬೆಂಗಳೂರಿನ ನಡುವೆ 8 ಅಥವಾ 9 ಇಡಿ. ಚಿಕ್ಕ ಊರಿನ ಹೊರವಲಯಕ್ಕೆ 4ರಿಂದ ಶುರುಮಾಡಿ, ಹೊರಗೆ ಕಾಣುವುದಕ್ಕೆ ಹೊಂದಿಸಿಕೊಳ್ಳಿ. ಇದನ್ನು ಬಿಟ್ಟರೆ ಪರದೆಯ ತುಂಬ ಆಕಾಶಗಂಗೆ, ಹೊರಗೆ ಬಂದರೆ ಇಪ್ಪತ್ತು ನಕ್ಷತ್ರ, ಪುಸ್ತಕ ಓದಿ ಬಂದ ಉತ್ಸಾಹವೆಲ್ಲ ಅಲ್ಲೇ ಆರುತ್ತದೆ. ಕೊನೆಯಲ್ಲಿ ಎಫ್2ರಲ್ಲಿ ಸೆಟ್ಟಿಂಗ್ ಉಳಿಸುವ ಗುಂಡಿ ಒತ್ತಿ. ಇಲ್ಲದಿದ್ದರೆ ಮಾಡಿದ ಬದಲಾವಣೆಗಳಲ್ಲಿ ಹಲವು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿರುತ್ತವೆ.

ಪರದೆಯ ಭಾಷೆ ಮತ್ತು ಆಕಾಶದ ಹೆಸರುಗಳ ಭಾಷೆ ಎರಡನ್ನೂ ಬೇರೆ ಬೇರೆ ಆರಿಸಬಹುದು. ಅನುವಾದ ಸ್ವಯಂಸೇವಕರದು. ಪೂರ್ತಿಯಾಗದ ಭಾಷೆ ಆರಿಸಿದರೆ ಮೆನುಗಳು ಬೆರಕೆಯಾಗುತ್ತವೆ, ಕೈಪಿಡಿಯ ಜೊತೆ ಹೊಂದಿಸಿ ನೋಡುವುದು ಕಷ್ಟ. ಪರದೆ ಇಂಗ್ಲಿಷಿನಲ್ಲೇ ಇರಲಿ ಎಂಬುದು ನಮ್ಮ ಸಲಹೆ. ಆಕಾಶ ಸಂಸ್ಕೃತಿಗಳ ಪಟ್ಟಿಯಲ್ಲಿ ಭಾರತೀಯ ನಕ್ಷತ್ರ ಪದ್ಧತಿ ಇದೆ, ಅದನ್ನು ಆರಿಸಿದರೆ ಅಶ್ವಿನಿ, ಭರಣಿ, ಕೃತ್ತಿಕೆ ಎಲ್ಲವೂ ತಮ್ಮ ಜಾಗದಲ್ಲಿ ಬರುತ್ತವೆ.

ಓದಿನ ಜೊತೆ ಮಾಡಬೇಕಾದ ಪ್ರಯೋಗಗಳು

ಅಯನಚಲನೆಯಿಂದ, ಅಂದರೆ ಭೂಮಿಯ ಅಕ್ಷದ ಆ ನಿಧಾನ ಸುತ್ತಿನಿಂದ ಶುರುಮಾಡೋಣ. ನಮ್ಮ ರೈತರ ಮಳೆ ನಕ್ಷತ್ರಗಳಷ್ಟು ಚೆನ್ನಾಗಿ ಅದನ್ನು ವಿವರಿಸುವ ಉದಾಹರಣೆ ಬೇರೆ ಇಲ್ಲ. ಆರಿದ್ರಾ ಮಳೆ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಹಾಗೆಂದರೆ ಸೂರ್ಯ ಆ ದಿನ ಆರ್ದ್ರಾ ನಕ್ಷತ್ರಕ್ಕೆ ಬರುತ್ತಾನೆ. ಹಗಲಲ್ಲಿ ನಕ್ಷತ್ರ ಕಾಣುವುದಿಲ್ಲವಾದ್ದರಿಂದ ಇದನ್ನು ಕಣ್ಣಾರೆ ಕಂಡವರಿಲ್ಲ. ಜೂನ್ 22, ಮಧ್ಯಾಹ್ನ 12 ಗಂಟೆ 22 ನಿಮಿಷ, ಬೆಂಗಳೂರು ಎಂದು ಇಡಿ. ಎ ಒತ್ತಿ ವಾತಾವರಣ ತೆಗೆಯಿರಿ. ಆಕಾಶ ಕಪ್ಪಾಗಿ ಸೂರ್ಯನ ಸುತ್ತ ನಕ್ಷತ್ರಗಳು ಮೂಡುತ್ತವೆ. ನೆತ್ತಿಯ ಕೊಂಚ ಉತ್ತರಕ್ಕೆ ಸೂರ್ಯ, ಅವನಿಂದ ನೇರ ದಕ್ಷಿಣಕ್ಕೆ ಸುಮಾರು 16 ಡಿಗ್ರಿ ಆಚೆ ಕೆಂಪಗೆ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್. ಸೂರ್ಯನ ದಾರಿಯನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದರ ಪಾಲು 13 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ), ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಪ್ರತಿ ಮಳೆಗೂ 13-14 ದಿನ ಬರುವುದು ಈ ಲೆಕ್ಕದಿಂದ.

ಈಗ ವರ್ಷವನ್ನು 2980ಕ್ಕೆ ಬದಲಿಸಿ, ದಿನ ಅದೇ ಜೂನ್ 22. ಸೂರ್ಯ ಆಗಲೂ ಉತ್ತರದ ತುತ್ತತುದಿಯಲ್ಲೇ ಇದ್ದಾನೆ, ಅಂದರೆ ಋತು ಬದಲಾಗಿಲ್ಲ. ಆದರೆ ಆರ್ದ್ರಾ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿದಿದೆ, ಸೂರ್ಯ ಮೃಗಶಿರದ ಆರಂಭದಲ್ಲಿದ್ದಾನೆ. ಆರಿದ್ರಾ ಹುಟ್ಟಲು ಇನ್ನೂ ಎರಡು ವಾರ ಬೇಕು. ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಎಂದು ಪುಸ್ತಕ ಹೇಳುವ ಮಾತಿನ ಅರ್ಥ ಇದು: ಮಳೆಗಾಲ ಭೂಮಿಯ ವಾಲಿಕೆಗೆ ಕಟ್ಟುಬಿದ್ದಿದೆ, ಮಳೆ ನಕ್ಷತ್ರಗಳು ಹಿನ್ನೆಲೆಯ ತಾರೆಗಳಿಗೆ. ಎರಡರ ನಂಟು ನಿಧಾನವಾಗಿ ಕಳಚುತ್ತದೆ. ಒಂದು ಎಚ್ಚರಿಕೆ ಇದೆ. ಇದೇ ಪ್ರಯೋಗವನ್ನು ಹಿಂದಕ್ಕೆ, 1060ಕ್ಕೋ 900ಕ್ಕೋ ಮಾಡಿದರೆ ಸೂರ್ಯ ಜೂನ್ 22ಕ್ಕೆ ತುತ್ತತುದಿಯಲ್ಲಿರುವುದಿಲ್ಲ. 1582ರ ಅಕ್ಟೋಬರ್ 15ಕ್ಕಿಂತ ಮುಂಚಿನ ತಾರೀಖುಗಳನ್ನು ಸ್ಟೆಲ್ಲೇರಿಯಂ ಜೂಲಿಯನ್ ಪಂಚಾಂಗದಲ್ಲಿ ಓದುತ್ತದೆ, ಅದಕ್ಕೇ ದಿನಗಳು ಆಚೀಚೆ.

ಮಂಗಳದ ವಕ್ರಗತಿಗೆ, ಅಂದರೆ ಹಿಂದಕ್ಕೆ ಸರಿದಂತೆ ಕಾಣುವ ಚಲನೆಗೆ, 2027ರ ಫೆಬ್ರವರಿ ಒಳ್ಳೆಯ ಅವಕಾಶ. ಫೆಬ್ರವರಿ 19ಕ್ಕೆ ಮಂಗಳ ಸೂರ್ಯನಿಗೆ ಎದುರಾಗಿ, ಮಘಾ ನಕ್ಷತ್ರದ ಹತ್ತಿರ ಇರುತ್ತದೆ. ತಾರೀಖನ್ನು 2026ರ ಡಿಸೆಂಬರ್ ಒಂದಕ್ಕೆ ಇಟ್ಟು, ಎ ಮತ್ತು ಜಿ ಎರಡನ್ನೂ ತೆಗೆದು, ಕಂಟ್ರೋಲ್ ಎಂ ಒತ್ತಿ. ಈ ಕೊನೆಯದನ್ನು ಬಿಟ್ಟರೆ ಪ್ರಯೋಗ ಕೆಡುತ್ತದೆ. ನೋಟ ದಿಗಂತಕ್ಕೆ ಕಟ್ಟಿಕೊಂಡಿರುವುದರಿಂದ ದಿನ ಮುಂದಕ್ಕೆ ಹೋದಂತೆ ಇಡೀ ಆಕಾಶ ವಾಲುತ್ತದೆ, ಮಂಗಳದ ಚಲನೆ ಅದರೊಳಗೆ ಕರಗಿಹೋಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪು ಮಂಗಳವನ್ನೇ ಹಿಂಬಾಲಿಸುವಂತೆ ಇಡುವುದು. ಆಗ ಮಂಗಳ ನಿಂತಲ್ಲೇ ನಿಂತು ನಕ್ಷತ್ರಗಳು ಓಡುತ್ತವೆ. ಎಫ್3ರಲ್ಲಿ ಮಘಾ, ಅಂದರೆ ರೆಗ್ಯುಲಸ್ ಹುಡುಕಿ, ಟಿ ಒತ್ತಿ ಅದನ್ನು ನಡುವೆ ಹಿಡಿದಿಡಿ. ಶಿಫ್ಟ್ ಟಿ ಗ್ರಹಗಳ ಜಾಡು ತೋರಿಸುತ್ತದೆ. ಆಮೇಲೆ ಸಮಚಿಹ್ನೆಯ ಕೀಯನ್ನು ಒತ್ತುತ್ತಾ ಹೋಗಿ, ಒಂದು ಒತ್ತಿಗೆ ಒಂದು ದಿನ. ಜನವರಿ ಎರಡನೆಯ ವಾರದಲ್ಲಿ ಮಂಗಳ ನಿಂತು ಪಶ್ಚಿಮಕ್ಕೆ ತಿರುಗುತ್ತದೆ, ಏಪ್ರಿಲ್ ಆರಂಭದಲ್ಲಿ ಮತ್ತೆ ಪೂರ್ವಕ್ಕೆ. ಭೂಮಿ ಒಳಸುತ್ತಿನಲ್ಲಿ ಮಂಗಳವನ್ನು ಹಿಂದೆ ಹಾಕುವ ಚಿತ್ರ ಪುಸ್ತಕದಲ್ಲಿದ್ದರೆ ಅದನ್ನು ಪಕ್ಕದಲ್ಲಿಟ್ಟು ದಿನ ದಿನ ಹೋಲಿಸಿ. ತಿರುಗುವ ಬಿಂದುಗಳು ಎದುರಾಗುವ ದಿನದ ಎರಡೂ ಬದಿಗೆ ಹೆಚ್ಚುಕಡಿಮೆ ಸಮ ಅಂತರದಲ್ಲಿರುವುದು ಯಾಕೆಂದು ತಾನಾಗಿ ಹೊಳೆಯುತ್ತದೆ.

ಗೆಲಿಲಿಯೋನ ಗುರುಗ್ರಹದ ಟಿಪ್ಪಣಿಗಳನ್ನು ಓದುವವರು ಊರನ್ನು ಪಾದುವಾಕ್ಕೆ, ತಾರೀಖನ್ನು 1610ರ ಜನವರಿ 7ರ ಸಂಜೆಗೆ ಇಡಬೇಕು. ಅಂದು ಅವನು ಗುರುವಿನ ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು ಚುಕ್ಕೆ ಬರೆದ. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಪೂರ್ವದ ಒಂದು ಚುಕ್ಕೆಯ ಜಾಗದಲ್ಲಿ ಗುರುವಿನ ಉಪಗ್ರಹಗಳಾದ ಅಯೋ ಮತ್ತು ಯುರೋಪಾ ಒತ್ತೊತ್ತಾಗಿ ಇರುವುದು ಕಾಣುತ್ತದೆ. ಸುಮಾರು 20 ಪಟ್ಟು ಹಿಗ್ಗಿಸುವ ಅವನ ದೂರದರ್ಶಕಕ್ಕೆ ಅವೆರಡೂ ಒಂದೇ. ಮರುದಿನ ಮೂರೂ ಪಶ್ಚಿಮಕ್ಕೆ. 10ನೇ ತಾರೀಖು ಎರಡೇ, ಅವೂ ಪೂರ್ವಕ್ಕೆ. ಅವನಿಗೆ ಕಾಣದೆ ಹೋದ ಉಪಗ್ರಹ ಪ್ರತಿ ರಾತ್ರಿ ಎಲ್ಲಿತ್ತು ಎಂದು ಹುಡುಕುವುದರಲ್ಲಿ ಒಂದು ಸಂಜೆ ಚೆನ್ನಾಗಿ ಕಳೆಯುತ್ತದೆ. ಅವು ನಕ್ಷತ್ರಗಳಲ್ಲ, ಗುರುವನ್ನೇ ಸುತ್ತುತ್ತಿವೆ ಎಂಬ ತೀರ್ಮಾನಕ್ಕೆ ಅವನು ಎಷ್ಟು ಕಡಿಮೆ ಸಾಕ್ಷ್ಯದಿಂದ, ಎಷ್ಟು ಸರಿಯಾಗಿ ಬಂದ ಎಂಬುದು ಆಗ ತಿಳಿಯುತ್ತದೆ.

ಭೌತಶಾಸ್ತ್ರದ ಓದುಗರಿಗೆ ಇದರಲ್ಲಿರುವ ಅತ್ಯಂತ ಬೆಲೆಯುಳ್ಳ ಗುಂಡಿ ಬೇರೆಯೇ. ಎಫ್4ರ ಸೌರಮಂಡಲ ವಿಭಾಗದಲ್ಲಿ ಬೆಳಕಿನ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಗುರುತು ಇದೆ. ಗುರುಗ್ರಹವನ್ನು ಹಿಗ್ಗಿಸಿ, ಅಯೋ ಗುರುವಿನ ಮುಂದೆ ಹಾದುಹೋಗುವ ಹೊತ್ತು ಹುಡುಕಿ, 7 ಒತ್ತಿ ಕಾಲ ನಿಲ್ಲಿಸಿ. ಈಗ ಆ ಗುರುತು ತೆಗೆಯಿರಿ, ಮತ್ತೆ ಹಾಕಿ. ಅಯೋ ಜಿಗಿಯುತ್ತದೆ. ಗುರುವಿನಿಂದ ಬೆಳಕು ನಮಗೆ ಬರಲು ದೂರಕ್ಕೆ ತಕ್ಕಂತೆ ಸುಮಾರು 33ರಿಂದ 53 ನಿಮಿಷ ಬೇಕು. ಅಯೋ ಸೆಕೆಂಡಿಗೆ 17 ಕಿಲೋಮೀಟರ್ ಮೀರಿ ಓಡುತ್ತದೆ. 40 ನಿಮಿಷದಲ್ಲಿ ಅದು ಕ್ರಮಿಸುವ ದೂರ 41,000 ಕಿಲೋಮೀಟರ್ ದಾಟುತ್ತದೆ, ಅಂದರೆ ಗುರುವಿನ ವ್ಯಾಸದ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಜಿಗಿತ ಕಾಣದಿದ್ದರೆ ಅಯೋ ತನ್ನ ಕಕ್ಷೆಯ ಅಂಚಿನಲ್ಲಿದೆ ಎಂದರ್ಥ. ಅಲ್ಲಿ ಅದು ನಮ್ಮ ಕಡೆಗೋ ನಮ್ಮಿಂದ ಆಚೆಗೋ ಚಲಿಸುವುದರಿಂದ ಬದಿಗೆ ಸರಿದದ್ದು ಗೊತ್ತಾಗುವುದಿಲ್ಲ. ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್ 1676ರ ನವೆಂಬರ್ 9ರ ಅಯೋ ಗ್ರಹಣ 10 ನಿಮಿಷ ತಡವಾಗುತ್ತದೆಂದು ಮೊದಲೇ ಹೇಳಿದ್ದು ಈ ದೂರದ ಏರಿಳಿತವನ್ನು ಹಿಡಿದೇ. ಭೂಮಿಯ ಕಕ್ಷೆಯ ವ್ಯಾಸ ದಾಟಲು ಬೆಳಕಿಗೆ 22 ನಿಮಿಷ ಬೇಕೆಂದು ಅವನ ಅಂದಾಜು, ಇಂದಿನ ಅಳತೆ 16 ನಿಮಿಷ 38 ಸೆಕೆಂಡು. ನಾವು ನೋಡುವ ಆಕಾಶ ಹಳೆಯದು ಎಂಬ ಮಾತನ್ನು ಒಂದು ಗುಂಡಿಯಲ್ಲಿ ತೋರಿಸುವ ಬೇರೆ ಸಾಧನ ಓದುಗನ ಕೈಗೆ ಸುಲಭವಾಗಿ ಸಿಗುವುದಿಲ್ಲ.

1054ರಲ್ಲಿ ಕಂಡ ನಕ್ಷತ್ರ ಸ್ಫೋಟ, ಅಂದರೆ ಸೂಪರ್‌ನೋವಾ ಬಗ್ಗೆ ಓದಿದವರು ಎಫ್2ರ ಪ್ಲಗಿನ್ ಪಟ್ಟಿಯಲ್ಲಿ ಐತಿಹಾಸಿಕ ಸೂಪರ್‌ನೋವಾ ಪ್ಲಗಿನ್‌ಗೆ ಗುರುತಿದೆಯೇ ನೋಡಿ. ಇಲ್ಲದಿದ್ದರೆ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು. ಆ ವರ್ಷದ ಜುಲೈ 4ರ ಬೆಳಗಿನ ಜಾವಕ್ಕೆ ಹೋದರೆ ವೃಷಭ ರಾಶಿಯಲ್ಲಿ ಇಂದು ಏಡಿ ನೀಹಾರಿಕೆ ಇರುವ ಜಾಗದಲ್ಲಿ ಅದು ಬೆಳಗುತ್ತಿರುತ್ತದೆ.

ಯಾವ ಅಂಕಿಯನ್ನು ಎಷ್ಟು ನಂಬಬೇಕು

ಕನ್ನಡದಲ್ಲಿ ಪುರಾಣ, ವೇದಗಳ ಕಾಲನಿರ್ಣಯದ ಲೇಖನಗಳು ಇಂಥ ಸಾಫ್ಟ್‌ವೇರಿನ ಚಿತ್ರ ಹಾಕಿ ‘ವಿಜ್ಞಾನದಿಂದ ಸಾಬೀತು’ ಎನ್ನುವುದು ಈಗ ರೂಢಿಯಾಗಿದೆ. ಓದುಗರು ಅದನ್ನು ತಾವೇ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಶತಪಥ ಬ್ರಾಹ್ಮಣದಲ್ಲಿ ಕೃತ್ತಿಕೆಗಳು ಪೂರ್ವ ದಿಕ್ಕಿನಿಂದ ಕದಲುವುದಿಲ್ಲ ಎಂಬ ಮಾತಿದೆ. ಕೃತ್ತಿಕೆ ನೇರ ಪೂರ್ವದಲ್ಲಿ ಹುಟ್ಟಬೇಕಾದರೆ ಆಕಾಶದ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ವೃತ್ತದ) ಮೇಲಿರಬೇಕು. ವರ್ಷವನ್ನು ಋಣ 2950ರ (ಅಂದರೆ ಕ್ರಿ.ಪೂ. 2951ರ) ಸುಮಾರಿಗೆ ತಂದರೆ ನಿಜವಾಗಿ ಹಾಗೇ ಇದೆ. ಆದರೆ ಅಲ್ಲಿಗೆ ನಿಲ್ಲಬೇಡಿ. ಋಣ 2000ಕ್ಕೆ ಬನ್ನಿ, ಉತ್ತರ ಭಾರತದ ಊರೊಂದನ್ನು ಆರಿಸಿ. ಈಗಲೂ ಕೃತ್ತಿಕೆ ಹುಟ್ಟುವುದು ನೇರ ಪೂರ್ವದಿಂದ ಸುಮಾರು 6 ಡಿಗ್ರಿ ಉತ್ತರಕ್ಕೆ ಮಾತ್ರ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ 10 ಡಿಗ್ರಿ. ಬರಿಗಣ್ಣಿನಲ್ಲಿ ನೋಡಿದವನು ಅದನ್ನೂ ‘ಪೂರ್ವ’ ಎಂದೇ ಹೇಳಿಯಾನು. ಸಾಫ್ಟ್‌ವೇರಿನ ಲೆಕ್ಕ ನಿಖರ, ಬ್ರಾಹ್ಮಣದ ಆ ಮಾತಿನ ಅಳತೆ ಸ್ಥೂಲ. ಎರಡನ್ನು ಕೂಡಿಸಿದಾಗ ಸಿಗುವುದು ಹಲವು ಶತಮಾನಗಳ ಹರವು, ಒಂದು ವರ್ಷವಲ್ಲ.

ಹಿಂದಿನ ಕಾಲಕ್ಕೆ ಹೋಗುವಾಗ ಇನ್ನೂ ಮೂರು ಕಡೆ ಜಾರುತ್ತೇವೆ. ಇಲ್ಲಿ ಸೊನ್ನೆಯ ವರ್ಷ ಇದೆ. ಸೊನ್ನೆ ಎಂದರೆ ಕ್ರಿ.ಪೂ. 1, ಋಣ 1 ಎಂದರೆ ಕ್ರಿ.ಪೂ. 2. ಹಾಗಾಗಿ ಕ್ರಿ.ಪೂ. 3000ಕ್ಕೆ ಋಣ 2999 ಎಂದು ಹಾಕಬೇಕು. ಎರಡನೆಯದಾಗಿ ಭೂಮಿಯ ತಿರುಗುವಿಕೆ ಕಾಲಕ್ರಮೇಣ ನಿಧಾನವಾಗುತ್ತಿದೆ. ಐದು ಸಾವಿರ ವರ್ಷ ಹಿಂದಕ್ಕೆ ಹೋಗುವಷ್ಟರಲ್ಲಿ ಅದಕ್ಕಾಗಿ ಗಡಿಯಾರಕ್ಕೆ ಮಾಡಬೇಕಾದ ತಿದ್ದುಪಡಿಯೇ ಸುಮಾರು 20 ಗಂಟೆ ಆಗಿರುತ್ತದೆ, ಅದರ ನಿಖರ ಮೊತ್ತದಲ್ಲಿ ಸೂತ್ರ ಸೂತ್ರಕ್ಕೂ ವ್ಯತ್ಯಾಸ. ಎಫ್2ರ ಕಾಲ ವಿಭಾಗದಲ್ಲಿ ಈ ಸೂತ್ರಗಳ ಪಟ್ಟಿಯೇ ಇದೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಿ, ಪ್ರಾಚೀನ ಸೂರ್ಯಗ್ರಹಣವೊಂದು ಒಂದು ಸೂತ್ರದಲ್ಲಿ ಕುರುಕ್ಷೇತ್ರದಲ್ಲಿ ಕಂಡರೆ ಇನ್ನೊಂದರಲ್ಲಿ ಬೇರೆ ದೇಶಕ್ಕೆ ಸರಿದಿರಬಹುದು. ಮೂರನೆಯದು ಗ್ರಹಗಳ ಸ್ಥಾನದ ಲೆಕ್ಕ. ಮೊದಲಿಂದ ಬರುವ ಸಿದ್ಧಾಂತಕ್ಕೆ ಕೆಲವು ಸಾವಿರ ವರ್ಷಗಳ ಮಿತಿಯಿದೆ, ದಾಟಿದರೂ ಗ್ರಹಗಳು ಪರದೆಯಲ್ಲಿ ಚಂದವಾಗಿಯೇ ಓಡಾಡುತ್ತವೆ, ಆದರೆ ಆ ಜಾಗಗಳನ್ನು ನೆಚ್ಚಿಕೊಳ್ಳುವಂತಿಲ್ಲ.

ನಕ್ಷತ್ರಗಳ ದೂರದ ವಿಷಯದಲ್ಲೂ ಜಾಗ್ರತೆ. ಆರ್ದ್ರಾ ನಕ್ಷತ್ರಕ್ಕೆ ಒಂದು ಪುಸ್ತಕದಲ್ಲಿ 430 ಜ್ಯೋತಿರ್ವರ್ಷ, ಇನ್ನೊಂದರಲ್ಲಿ 640, ಪರದೆಯಲ್ಲಿ 500ರ ಸುಮಾರು ಕಂಡರೆ ಯಾರೂ ಸುಳ್ಳು ಹೇಳುತ್ತಿಲ್ಲ. ಹಿಪಾರ್ಕಸ್ ಉಪಗ್ರಹದ 1997ರ ಪಟ್ಟಿಯಿಂದ ಮೊದಲನೆಯದು, ಅದೇ ದತ್ತಾಂಶವನ್ನು 2007ರಲ್ಲಿ ಮರುಲೆಕ್ಕ ಹಾಕಿದಾಗ 500, ರೇಡಿಯೋ ಅಳತೆ ಸೇರಿಸಿ 2008ರಲ್ಲಿ ಬಂದದ್ದು 640, ಅದರಲ್ಲೂ ಆಚೀಚೆ 146. ದೂರ ತಿಳಿಯಲು ಅಳೆಯುವ ಕೋನ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವುದು) ಒಂದು ಡಿಗ್ರಿಯ ಐದು ಲಕ್ಷದಲ್ಲೊಂದು ಭಾಗದಷ್ಟು, ಆ ನಕ್ಷತ್ರವೋ ಉಬ್ಬಿ ಕುದಿಯುವ ದೈತ್ಯ, ಅದರ ಬೆಳಕಿನ ನಡುಬಿಂದುವೇ ಓಲಾಡುತ್ತದೆ. ಪರದೆಯಲ್ಲಿ ದಶಮಾಂಶದವರೆಗೆ ಅಂಕಿ ಕಂಡರೆ ಅಷ್ಟು ಖಚಿತ ಎಂದು ತಿಳಿಯಬಾರದು. ಲುಬ್ಧಕದಂಥ ಹತ್ತಿರದ ನಕ್ಷತ್ರಕ್ಕೆ 8.6 ಜ್ಯೋತಿರ್ವರ್ಷ ಎಂದು ತೋರಿಸಿದಾಗ ಧೈರ್ಯವಾಗಿ ನಂಬಿ.

ಪರದೆಯಲ್ಲಿ ದೊಡ್ಡದಾಗಿ ಕಾಣುವ ನಕ್ಷತ್ರ ಗಾತ್ರದಲ್ಲಿ ದೊಡ್ಡದಲ್ಲ, ಹೊಳಪಿನಲ್ಲಿ ಹೆಚ್ಚು. ನೀಹಾರಿಕೆಗಳ ಬಣ್ಣದ ಚಿತ್ರಗಳು ದೀರ್ಘಕಾಲ ಬೆಳಕು ಹಿಡಿದ ಛಾಯಾಚಿತ್ರಗಳು. ದೂರದರ್ಶಕದಲ್ಲಿ ಕಣ್ಣಿಟ್ಟರೆ ಕಾಣುವುದು ಬೂದು ಮಬ್ಬು. ಚಂದ್ರ ಅಸಹಜವಾಗಿ ದೊಡ್ಡದಾಗಿದ್ದರೆ ಸೌರಮಂಡಲ ವಿಭಾಗದಲ್ಲಿ ಅದನ್ನು ಹಿಗ್ಗಿಸುವ ಗುರುತು ಬಿದ್ದಿದೆ, ತೆಗೆಯಿರಿ. ಗ್ರಹಣದ ಪ್ರಯೋಗ ಮಾಡುವಾಗ ಇದನ್ನು ಮರೆತರೆ ಚಿತ್ರವೇ ತಪ್ಪಾಗುತ್ತದೆ.

ಏನಿಲ್ಲ, ಯಾರಿಗೆ ಬೇಡ

ಓದು ವಿಶ್ವದ ವಿಸ್ತರಣೆ, ಕಪ್ಪುಕುಳಿ, ಗ್ಯಾಲಕ್ಸಿಗಳ ಡಿಕ್ಕಿಯ ಕಡೆಗೆ ಇದ್ದರೆ ಸ್ಟೆಲ್ಲೇರಿಯಂ ಹೆಚ್ಚು ಸಹಾಯ ಮಾಡುವುದಿಲ್ಲ. ಅದು ನೆಲದ ಮೇಲೆ ನಿಂತು ತಲೆ ಎತ್ತಿದವನ ಆಕಾಶ. ಕಂಟ್ರೋಲ್ ಜಿ ಒತ್ತಿ ಮಂಗಳದ ಮೇಲೋ ಶನಿಯ ಉಪಗ್ರಹದ ಮೇಲೋ ನಿಲ್ಲಬಹುದು, ಅದು ಸೊಗಸಾಗಿಯೂ ಇದೆ, ಆದರೆ ನಕ್ಷತ್ರಗಳ ನಡುವೆ ಹಾರಿಹೋಗಲಾಗದು. ಅದಕ್ಕೆ ಸೆಲೆಸ್ಟಿಯಾ ಅಥವಾ ಗಾಯಾ ಸ್ಕೈ ನೋಡಿ, ಎರಡೂ ಉಚಿತ. ಕೃತ್ತಿಕೆಯ ತಾರೆಗಳು ನಿಜಕ್ಕೂ ಒಂದೇ ಗುಂಪು, ಸಪ್ತರ್ಷಿಯ ಏಳರಲ್ಲಿ ಐದು ಮಾತ್ರ ಒಡನಾಡಿಗಳು ಎಂಬಂಥ ಮೂರು ಆಯಾಮದ ವಿಷಯಕ್ಕೆ ಅವೇ ಸರಿ.

ಎಫ್10ರ ಲೆಕ್ಕಾಚಾರದ ಕಿಟಕಿ ಬಹಳ ಶಕ್ತಿಯುತ. ಗ್ರಹಣಗಳ ಪಟ್ಟಿ, ಗ್ರಹಗಳ ಯುತಿ (ಆಕಾಶದಲ್ಲಿ ಒಂದಕ್ಕೊಂದು ಹತ್ತಿರ ಕಾಣುವುದು), ಇಂದು ರಾತ್ರಿ ಏನೇನು ಕಾಣುತ್ತದೆ ಎಲ್ಲವೂ ಇದೆ. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಿಮ್ಮೂರಲ್ಲಿ ಸಂಜೆ ಎಷ್ಟು ಪಾಲು ಹಿಡಿಯುತ್ತದೆ ಎಂದು ಅಲ್ಲೇ ಸಿಗುತ್ತದೆ. ಕರ್ನಾಟಕಕ್ಕೆ ಅದು ಭಾಗಶಃ. ಆದರೆ ಆ ಕಿಟಕಿ ಆಯ್ಕೆಗಳಿಂದ ಕಿಕ್ಕಿರಿದಿದೆ, ಹೊಸಬರಿಗೆ ಎಲ್ಲಿಂದ ಶುರುಮಾಡಬೇಕೆಂದು ತೋಚದು. ಯುತಿಗಳನ್ನು ಹುಡುಕುವಾಗ ಅವಧಿಯನ್ನು ನೂರು ವರ್ಷ ಎಂದು ಕೊಟ್ಟರೆ ಪರದೆ ಸ್ತಬ್ಧವಾಗಿ ನಿಲ್ಲುತ್ತದೆ, ಕೆಟ್ಟಿದೆ ಎಂದುಕೊಂಡು ಮುಚ್ಚಬೇಡಿ. ಒಂದು ಸಲಕ್ಕೆ ಒಂದೆರಡು ವರ್ಷ ಸಾಕು. ಕೈಪಿಡಿ ಉಚಿತ, ಮುನ್ನೂರಕ್ಕೂ ಹೆಚ್ಚು ಪುಟದ ಇಂಗ್ಲಿಷ್ ಪುಸ್ತಕ, ಅದರ ಖಗೋಳ ಪರಿಕಲ್ಪನೆಗಳ ಅಧ್ಯಾಯ ಒಂದು ಒಳ್ಳೆಯ ಪಠ್ಯಪುಸ್ತಕದಷ್ಟೇ ಸ್ಪಷ್ಟ.

ಹಳೆಯ ಇಂಟೆಲ್ ಗ್ರಾಫಿಕ್ಸ್ ಇರುವ ಕಂಪ್ಯೂಟರಿನಲ್ಲಿ ಕಪ್ಪು ಪರದೆ ಬಂದು ನಿಂತರೆ ಮೊದಲು ಗ್ರಾಫಿಕ್ಸ್ ಡ್ರೈವರ್ ಹೊಸದು ಮಾಡಿ. ಆಗದಿದ್ದರೆ ಇಳಿಸುವ ಪುಟದಲ್ಲಿ ಹಳೆಯ ಕಂಪ್ಯೂಟರಿಗೆಂದು ಕೊಟ್ಟಿರುವ ಆವೃತ್ತಿಯನ್ನು ಹಾಕಿಕೊಳ್ಳಿ. ಅದೂ ಬೇಡವೆಂದರೆ ಬ್ರೌಸರಿನಲ್ಲೇ ತೆರೆಯುವ ಆವೃತ್ತಿ ಇದೆ. ದಿನದ ಆಕಾಶ ನೋಡಲು ಅದು ಸಾಕು, ಮೇಲೆ ಹೇಳಿದ ಪ್ರಯೋಗಗಳಿಗೆ ಸಾಲದು.

ಫೋನಿನ ಆವೃತ್ತಿ ಬೇರೆ ಉತ್ಪನ್ನ. ಅದರಲ್ಲಿ ಉಚಿತ ಭಾಗದ ಮೇಲೆ ಹಣ ಕೊಟ್ಟು ಪಡೆಯುವ ಪ್ಲಸ್ ಭಾಗವಿದೆ. ಆಕಾಶಕ್ಕೆ ಹಿಡಿದು ನಕ್ಷತ್ರದ ಹೆಸರು ತಿಳಿಯಲು ಉಚಿತದ್ದೇ ಸಾಕು. ತೋರಿಸುವ ದಿಕ್ಕು ತಪ್ಪುತ್ತಿದ್ದರೆ ದೋಷ ಸಾಮಾನ್ಯವಾಗಿ ಆಕಾಶದ ಲೆಕ್ಕದ್ದಲ್ಲ, ಫೋನಿನ ದಿಕ್ಸೂಚಿಯದು. ಅಯಸ್ಕಾಂತದ ಮುಚ್ಚಳವಿರುವ ಕವರ್ ತೆಗೆದು, ಕಾರು ಮತ್ತು ಕಬ್ಬಿಣದ ಗೇಟಿನಿಂದ ದೂರ ನಿಂತು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕಾರು ಸಲ ಆಡಿಸಿ. ನಂತರ ಚಂದ್ರನ ಕಡೆ ಹಿಡಿದು ಪರದೆಯ ಚಂದ್ರ ಅದರ ಮೇಲೆ ಕೂರುತ್ತದೆಯೇ ನೋಡಿ. ಹೊರಗೆ ಬಳಸುವಾಗ ಕೆಂಪು ಬಣ್ಣದ ರಾತ್ರಿ ನೋಟ ಹಾಕಿಕೊಳ್ಳಿ, ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಎನ್. ಕಣ್ಣು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಬಿಳಿ ಪರದೆಯನ್ನು ಒಮ್ಮೆ ನೋಡಿದರೆ ಆ ಲೆಕ್ಕ ಮೊದಲಿಂದ ಶುರು.